ಮುಂಡರಗಿ ಕಡೆ ಹುಡುಗಿಗೆ ಯಾವ ಕಾಲೇಜು, ಯಾವ ಸ್ಕಾಲರ್‌ಶಿಪ್?

ಮುಂಡರಗಿಯಿಂದ ಪ್ರಶ್ನೆ: ತಮ್ಮನ ಮಗಳು ಸೆಕೆಂಡ್ ಪಿಯುಸಿ ಸೈನ್ಸ್, ಫಸ್ಟ್ ಇಯರ್‌ನ್ಯಾಗ 94 ಪರ್ಸೆಂಟ್. ಹತ್ತನೇತ್ತಾ ತನಕ ಊರಾಗಿನ ಸರಕಾರಿ ಕನ್ನಡ ಸಾಲಿ. ಮನ್ಯಾಗ ನಾಲ್ಕೆಕರೆ ಎರಿ ಹೊಲ, ಅಷ್ಟ. ಸಿಇಟಿ ಅರ್ಜಿ ಬಿಡೂದ್ರೊಳಗ ಏನೇನ್ ಮಾಡ್ಕೋಬೇಕು? ಗೊತ್ತಿದ್ದವ್ರು ಹೇಳ್ರಿ.

ಹಾವೇರಿಯಿಂದ: ನನ್ನ ಮಗ ದೇವಗಿರಿ ಸರಕಾರಿ ಇಂಜಿನಿಯರಿಂಗ್ ಕಾಲೇಜಿನ್ಯಾಗ ಓದ್ಯಾನ. ಆಪ್ಷನ್ ಎಂಟ್ರಿಯೊಳಗ (ಬೇಕಾದ ಕಾಲೇಜು ಆರಿಸೂವಾಗ) ಎಲ್ಲಾರೂ ಎಸ್‌ಡಿಎಂ, ಬಿವಿಬಿಯಂಥ ಖಾಸಗಿ ಕಾಲೇಜ್ ಅಷ್ಟ ಹಾಕಿ ಸುಮ್ಮನಾಗ್ತಾರ. ಸರಕಾರಿ ಕಾಲೇಜೂ ಹಾಕ್ರಿ, ಫೀ ಭಾಳ ಕಡಿಮಿ. ಖಾಸಗಿನ ಬೇಕಂದ್ರ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಐತಿ: ಇದ್ದ ಸೀಟಿನ ಮ್ಯಾಲ ಶೇ. 5 ಹೆಚ್ಚುವರಿ ಸೀಟು, ಆದಾಯ 8 ಲಕ್ಷದೊಳಗಿದ್ರ ಬೋಧನಾ ಶುಲ್ಕ ಮಾಫಿ. ಉಳಿದ ಫೀ ಕಟ್ಟಬೇಕು, ರ‍್ಯಾಂಕೂ ಚಲೋ ಬೇಕು. ಗ್ರಾಮೀಣ, ಕನ್ನಡ ಮಾಧ್ಯಮ ಎರಡೂ ಮೀಸಲಾತಿ ಅರ್ಜಿಯೊಳಗ ಕೇಳ್ರಿ. ಒಂದರಿಂದ ಹತ್ತರ ತನಕ ಓದಿದ ದಾಖಲೆ ಸಾಲಿಯಿಂದ ಈಗ ತಗೋರಿ. ನಾಡಕಚೇರಿ ಜಾತಿ-ಆದಾಯ ಪ್ರಮಾಣಪತ್ರದ ಮ್ಯಾಲಿನ ಆರ್‌ಡಿ ನಂಬರೂ ಬೇಕು. (ನಿಮ್ಮ ಗಡಿ ದಾಟಿದ್ರ ಕೊಪ್ಪಳದವ್ರಿಗೆ 371ಜೆ ಅನ್ನೋ ಕಲ್ಯಾಣ ಕರ್ನಾಟಕದ ಮೀಸಲಾತಿ ಐತಿ, ಗದಗಿನವ್ರಿಗೆ ಇಲ್ಲ. ಏನ್ ಮಾಡೂದು!)

ಧಾರವಾಡದಿಂದ: ಬರೇ ಬಿ.ಇ. ಯಾಕ್ರಿ? ರೈತರ ಮಕ್ಕಳಿಗೆ ಬಿ.ಎಸ್ಸಿ. ಅಗ್ರಿಯೊಳಗ ಕೃಷಿಕ ಕೋಟಾ ಅದ. ಪ್ರಾಯೋಗಿಕ ಪರೀಕ್ಷೆ ಇರ್ತದ. ಬೀಜ, ಸಲಕರಣಿ ಮುಂದ ಇಟ್ಟು ಗುರುತಿಸು ಅಂತಾರ. ಹೊಲದಾಗ ಬೆಳೆದ ಹುಡುಗಿಗೆ ಅದೇನ್ ಕಷ್ಟ? ಧಾರವಾಡ ಕೃಷಿ ವಿವಿದು ಹನುಮನಮಟ್ಟಿಯೊಳಗೂ ಕಾಲೇಜ್ ಅದ. ನನ್ನ ಕೇಳಿದ್ರ ಇದನ್ನ ಮೊದಲು ನೋಡ್ರಿ.

ಗದಗಿನಿಂದ: ಸ್ಕಾಲರ್‌ಶಿಪ್ ರೊಕ್ಕ ನಂಬಿ ಮೊದಲ ಫೀ ಕಟ್ಟಾಕ ಹೋಗಬ್ಯಾಡ್ರಿ, ಅದು ತಡಾ ಮಾಡಿ ಬರ್ತೈತಿ. ರೈತರ ಮಕ್ಕಳ ರೈತ ವಿದ್ಯಾನಿಧಿಯೊಳಗ ಬಿ.ಇ. ಓದೋ ಹೆಣ್ಮಕ್ಕಳಿಗೆ ವರ್ಷಕ್ಕ 11,000 ಅಂತ ಇತ್ತು, ಈಗ ಹೆಂಗೈತಿ ಕೇಳ್ಕೋರಿ. ತಾಂತ್ರಿಕ ಕೋರ್ಸಿನ ಹೆಣ್ಮಕ್ಕಳಿಗೆ ಎಐಸಿಟಿಇ ಪ್ರಗತಿ ಸ್ಕಾಲರ್‌ಶಿಪ್ ವರ್ಷಕ್ಕ 50,000, ಆದ್ರ ಬೇರೆ ಸರಕಾರಿ ಸ್ಕಾಲರ್‌ಶಿಪ್ ತಗೊಂಡಿರಬಾರದು. ಆಧಾರ್ ಹೆಸರು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಹೆಸರು ಒಂದ ಇರ್ಲಿ. ಒಂದ್ರಾಗ ‘ಗಂಗವ್ವ’, ಇನ್ನೊಂದ್ರಾಗ ‘ಗಂಗಮ್ಮ’ ಅಂತಿದ್ರ ಅರ್ಜಿ ಅಲ್ಲೇ ನಿಲ್ತೈತಿ. ರೊಕ್ಕ ಆಧಾರ್ ಕೊನೀಗೆ ಲಿಂಕ್ ಆದ ಬ್ಯಾಂಕಿಗೆ ಹೋಗ್ತೈತಿ, ಯಾವುದಂತ ಕೇಳ್ಕೋರಿ. ಹುಡುಗಿ ಅಪ್ಪನ ಫ್ರೂಟ್ಸ್ ಐಡಿ (ರೈತರ ನೋಂದಣಿ ನಂಬರ್) ಐತೇನು?

ಮುಂಡರಗಿಯಿಂದ: ಇಲ್ರಿ, ಹೊಲ ಇನ್ನೂ ತೀರಿಕೊಂಡ ನಮ್ಮ ಅಪ್ಪಾರ, ಅಂದ್ರ ಹುಡುಗಿ ಅಜ್ಜನ ಹೆಸರಿನ್ಯಾಗ ಐತಿ.

ಗದಗಿನಿಂದ: ಹಂಗಾದ್ರ ನಾಳೇನ ಪೌತಿ ವಾರಸಾಕ್ಕ (ಹೊಲ ವಾರಸುದಾರರ ಹೆಸರಿಗೆ ಮಾಡ್ಸಾಕ) ಅರ್ಜಿ ಕೊಡ್ರಿ, ಉಳಿದಿದ್ದು ಆಮ್ಯಾಲ.