ಕೇಸ್‌ಶೀಟ್‌ನಲ್ಲಿ ‘ಅಸಂಬದ್ಧ ಮಾತು’ ಅಂತಷ್ಟೇ ಬರೆದರೆ ಸಾಕೇ?

ಹೊಸ_ಟ್ರೈನಿ:
ಮನೋರೋಗಿಗಳ ಮಾತಿನ ಬಗ್ಗೆ ಕೇಳ್ತಿದ್ದೀನಿ: ಹಳಿ ತಪ್ಪಿದ ಮಾತು, ಉನ್ಮಾದದ (ಮೇನಿಯಾ) ಮಾತು, ಸುತ್ತುಬಳಸು ಮಾತು. ಓದುವಾಗ ಮೂರೂ ಬೇರೆ ಬೇರೆ, ಎದುರು ಕೂತು ಕೇಳಿದರೆ ಎಲ್ಲಾ ಒಂದೇ. ಹೇಗೆ ಬೇರ್ಪಡಿಸೋದು, ಏನಂತ ಬರೆಯೋದು?

ಎಳೆ_ಹುಡುಕು:
‘ಅಸಂಬದ್ಧ’ ಅನ್ನೋದು ನಿಮ್ಮ ತೀರ್ಪು, ರೋಗಿಯ ಮಾತಲ್ಲ. ‘ನಿಮ್ಮ ದಿನ ಹೇಗೆ ಕಳೆಯುತ್ತೆ, ಹೇಳಿ’ ಅಂತ ಕೇಳಿ, ನಾಲ್ಕೈದು ನಿಮಿಷ ನಡುವೆ ಬಾಯಿ ಹಾಕದೆ ಕೂತಿರಿ. ಹೆಚ್ಚಿನವರು ಎಡವೋದು ಇಲ್ಲೇ: ಚಿಕ್ಕ ಪ್ರಶ್ನೆಗೆ ಚಿಕ್ಕ ಉತ್ತರ ಬರುತ್ತೆ, ಅಷ್ಟರಲ್ಲಿ ಎಳೆ ತುಂಡಾಗೋದೇ ಇಲ್ಲ. ಆಮೇಲೆ ಎರಡು ಮೂರು ವಾಕ್ಯವನ್ನು ಇದ್ದ ಹಾಗೇ, ನಿಮ್ಮ ಪ್ರಶ್ನೆ ಸಮೇತ ಬರೆಯಿರಿ. ವ್ಯಾಕರಣ ತಿದ್ದಬೇಡಿ.

ಈಗ ಕೊಂಡಿ ನೋಡಿ. ‘ನಿದ್ದೆ ಹೇಗಿದೆ?’ ಅಂದರೆ, ‘ನಿದ್ದೆ ಬಾಗಿಲ ತನಕ ಬರುತ್ತೆ, ಚಿಲಕ ಕಬ್ಬಿಣದ್ದು, ರಕ್ತದಲ್ಲೂ ಕಬ್ಬಿಣ, ಅದಕ್ಕೇ ತಮ್ಮ ಓದಲಿಲ್ಲ.’ ಇದು ಹಳಿ ತಪ್ಪಿದ್ದು. ಕೊನೆಯ ಜಿಗಿತಕ್ಕೆ ಕೇಳುವವರಿಗೆ ಕೊಂಡಿಯೇ ಸಿಗಲ್ಲ. ‘ನಿದ್ದೆ ಯಾಕೆ, ಮಳೆ ಬಂತು, ಮಳೆ ಬಂದ್ರೆ ಬೆಳೆ, ಬೆಳೆ ಮಾರಿ ಬಳೆ’ ಅಂತ ತಡೆಯೋಕೇ ಆಗದ ಹಾಗೆ ಓಡಿದರೆ ಉನ್ಮಾದದ ಕಡೆ ಯೋಚಿಸಿ. ಅಲ್ಲಿ ಪ್ರಾಸದ್ದೋ ಶ್ಲೇಷೆಯದ್ದೋ ಒಂದು ಕೊಂಡಿ ಇರುತ್ತೆ. ಸುತ್ತುಬಳಸಿನವರು ಊರೆಲ್ಲ ಸುತ್ತಿದರೂ ಕೊನೆಗೆ ಉತ್ತರಕ್ಕೆ ಬಂದು ಮುಟ್ಟುತ್ತಾರೆ. (ಕಾಯಿಲೆ ಇಲ್ಲದವರಲ್ಲೂ ಅಂಥವರು ಬೇಕಾದಷ್ಟು.)

ವಾರ್ಡ್_ರೌಂಡ್:
ಅದಕ್ಕೂ ಮೊದಲು ಗಮನ ಪರೀಕ್ಷಿಸಿ: ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿ. ಒಂದೆರಡು ದಿನದಲ್ಲೇ ಶುರುವಾಗಿ, ಬೆಳಿಗ್ಗೆ ಸರಿಯಿದ್ದು ಸಂಜೆ ಹದಗೆಡುತ್ತಿದ್ದರೆ ಮೊದಲು ಸನ್ನಿ (ಡಿಲೀರಿಯಂ, ದೇಹದ ಕಾಯಿಲೆಯಿಂದ ಬರುವ ಗೊಂದಲ) ಅಂತ ಶಂಕಿಸಿ, ಸೋಂಕು, ಸೋಡಿಯಂ, ಸಕ್ಕರೆ, ಔಷಧಿ, ಇದ್ದಕ್ಕಿದ್ದಂತೆ ಬಿಟ್ಟ ಮದ್ಯ ಎಲ್ಲ ಹುಡುಕಬೇಕು. ಮಾತು ಸರಾಗ, ಆದರೆ ಪೆನ್ನು ತೋರಿಸಿದರೆ ಹೆಸರು ಬರಲ್ಲ, ಹೇಳಿಕೊಟ್ಟ ವಾಕ್ಯ ತಿರುಗಿ ಹೇಳೋಕಾಗಲ್ಲ ಅಂದರೆ ಅಫೇಸಿಯಾ (ಮಿದುಳಿಗೆ ಪೆಟ್ಟಾಗಿ ಭಾಷೆಯೇ ಕೆಡೋದು) ಇರಬಹುದು. ಇದನ್ನು ಹುಚ್ಚು ಅಂತ ತಿಳಿದು ಹೊತ್ತು ಕಳೆಯೋದುಂಟು. ದಿಢೀರನೆ ಬಂದಿದ್ದರೆ ಪಾರ್ಶ್ವವಾಯು ಅಂತಲೇ ಓಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ 4.5 ಗಂಟೆಯೇ ಗಡುವು.

ಎಳೆ_ಹುಡುಕು:
ಒಪ್ಪಿದೆ. ಮಾತಿನ ಲಕ್ಷಣ ಒಂದರಿಂದಲೇ ಸ್ಕಿಜೋಫ್ರೇನಿಯಾ ಅನ್ನೋ ಹಾಗೂ ಇಲ್ಲ. ಡಿಎಸ್‌ಎಂ-5 (ಮನೋರೋಗ ಗುರುತಿಸೋ ಅಮೆರಿಕದ ಕೈಪಿಡಿ) ಪ್ರಕಾರ, ಅದು ಪಟ್ಟಿ ಮಾಡಿದ 5 ಲಕ್ಷಣಗಳಲ್ಲಿ ಕನಿಷ್ಠ 2 ಒಂದು ತಿಂಗಳಿರಬೇಕು, ಒಟ್ಟು ತೊಂದರೆ 6 ತಿಂಗಳು.

ಹೊಸ_ಟ್ರೈನಿ:
ಅರ್ಥವಾಗದಾಗ ಎದುರಿಗೆ ಏನು ಹೇಳಲಿ?

ವಾರ್ಡ್_ರೌಂಡ್:
ಸುಮ್ಮನೆ ತಲೆಯಾಡಿಸಬೇಡಿ. ‘ಕಬ್ಬಿಣದ ತನಕ ನಿಮ್ಮ ಜೊತೆ ಬಂದೆ, ತಮ್ಮನ ಓದಿನ ಹತ್ತಿರ ತಪ್ಪಿಹೋಯ್ತು’ ಅನ್ನಿ. ಹಿಂದಕ್ಕೆ ಬಂದು ಬಿಡಿಸಿ ಹೇಳುತ್ತಾರಾ ಇಲ್ಲವಾ, ಅದನ್ನೂ ಬರೆದುಕೊಳ್ಳಿ.