ಸಹಾಯ ಬೇಕು: ಕಾಲು ಹಾರ್ಮೋನಿಯಂ ಜೊತೆ ಕೀಬೋರ್ಡ್ ಶ್ರುತಿ ಕೂಡುತ್ತಿಲ್ಲ

ನಮಸ್ಕಾರ. ಪೌರಾಣಿಕ ನಾಟಕದ ಮೇಳದಲ್ಲಿ ಕಾಲು ಹಾರ್ಮೋನಿಯಂ, ತಬಲಾ ಇವೆ. ಪಿಟೀಲಿನವರು ಸಿಗದೆ ಆ ಜಾಗಕ್ಕೆ ಕೀಬೋರ್ಡ್ ಬಂದಿದೆ. ರೆಕಾರ್ಡೆಡ್ ಟ್ರ್ಯಾಕ್ ಬೇಡವೇ ಬೇಡ, ಪಾತ್ರಧಾರಿ ಆಲಾಪ ಎಳೆದರೆ ಅದು ಕಾಯುವುದಿಲ್ಲ.

ಹಾರ್ಮೋನಿಯಂ ಪೆಟ್ಟಿಗೆಯ ಮಧ್ಯ ಸಪ್ತಕದ ಎ ಸ್ವರ, ಟ್ಯೂನರಿನಲ್ಲಿ 443 ಹರ್ಟ್ಜ್ ತೋರಿಸುತ್ತದೆ. ಕೀಬೋರ್ಡಿನ ಮಾಸ್ಟರ್ ಟ್ಯೂನಿಂಗ್ (ಎಲ್ಲ ಸ್ವರಗಳನ್ನೂ ಒಟ್ಟಿಗೆ ಏರಿಸಿ ಇಳಿಸುವ ಸೆಟ್ಟಿಂಗ್) 440ರಿಂದ 443ಕ್ಕೆ ಏರಿಸಿದೆವು. ಮಧ್ಯದಲ್ಲಿ ಚೆನ್ನಾಗಿ ಕೂಡಿತು. ಆದರೆ ಪೆಟ್ಟಿಗೆಯ ಮಂದ್ರದ (ಕೆಳ ಸಪ್ತಕದ) ಎ 220ರಲ್ಲೇ ನಿಂತಿದೆ. ಕೀಬೋರ್ಡ್ ಅಲ್ಲಿ 221.5 ಕೊಡುತ್ತದೆ. ಎರಡೂ ಸೇರಿ ಅಲೆ ಅಲೆಯಾಗಿ ಕೇಳಿ ಹಾಡುವವರ ಶ್ರುತಿ ತಪ್ಪುತ್ತದೆ. ರೀಡುಗಳ (ಸ್ವರ ಹೊರಡಿಸುವ ಹಿತ್ತಾಳೆ ನಾಲಿಗೆಗಳ) ಧೂಳು ತೆಗೆದದ್ದಾಯಿತು, ವ್ಯತ್ಯಾಸವಿಲ್ಲ. ತುದಿ ಕೆರೆದರೆ ಸ್ವರ ಏರುತ್ತದೆ ನಿಜ, ಹೆಚ್ಚಾದರೆ ಹಿತ್ತಾಳೆ ನಾಲಿಗೆಯೇ ಹಾಳು.

ಮಂದ್ರದ ರೀಡುಗಳನ್ನಷ್ಟೇ ಏರಿಸಬೇಕೇ, ಇಡೀ ಪೆಟ್ಟಿಗೆಯನ್ನು 440ಕ್ಕೆ ಇಳಿಸುವುದು ಒಳ್ಳೆಯದೇ? ಮಾಡಿಸಿದವರು ದಯವಿಟ್ಟು ತಿಳಿಸಿ.