ಅಪ್‌ಡೇಟ್: ಮಕ್ಕಳ ಜೊತೆ ಕಪ್ಪತಗುಡ್ಡ ಹತ್ತಿ ಬಂದೆವು

ಗುಡ್ಡದ ಮೆಟ್ಟಿಲು ಗದ್ದೆಗಳ ಪಾಠ ಮಾಡುತ್ತಿದ್ದೇನೆ, ಎಂಟನೇ ಕ್ಲಾಸಿನ ಮಕ್ಕಳಿಗೆ ಗದಗ ಹತ್ತಿರ ಏನು ತೋರಿಸಲಿ ಅಂತ ಹೋದ ತಿಂಗಳು ಕೇಳಿದ್ದೆ. ಕಪ್ಪತಗುಡ್ಡ ಹತ್ತಿಸಿ, ಕೆಳಗಿನ ಹೊಲಗಳ ಒಡ್ಡು ತೋರಿಸಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಶನಿವಾರ ಹೋಗಿದ್ದೆವು. 2019ರಿಂದ ಅದು ವನ್ಯಜೀವಿ ಧಾಮ, ಹಾಗಾಗಿ ಅರಣ್ಯ ಇಲಾಖೆಯವರಿಗೆ ಮೊದಲೇ ತಿಳಿಸಿದ್ದೆವು.

ಫಿಲಿಪೈನ್ಸ್‌ನ ಇಫುಗಾವೊ ಗದ್ದೆಗಳ ಫೋಟೊ ಒಯ್ದಿದ್ದೆ. 1995ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು ಅವು. ಕಲ್ಲು, ಮಣ್ಣಿನ ಗೋಡೆ ಕಟ್ಟಿ ಒಂದೊಂದು ಮೆಟ್ಟಿಲಲ್ಲೂ ಭತ್ತಕ್ಕೆ ನೀರು ನಿಲ್ಲಿಸುತ್ತಾರೆ. ಆ ನೀರು ಬರುವುದು ಮೇಲಿನ ಕಾಡಿನಿಂದ. ಅಷ್ಟು ಹೇಳಿದ್ದೇ ತಡ, ಒಬ್ಬಳು ಎದ್ದು ನಿಂತಳು: "ಟೀಚರ್, ನಮ್ಮಪ್ಪನೂ ಒಡ್ಡು ಹಾಕ್ಯಾನ್ರೀ, ಮಳಿನೀರು ಹರಕೊಂಡು ಹೋಗಬಾರ್ದು ಅಂತ!" ನನಗೆ ಕಣ್ಣು ತುಂಬಿ ಬಂತು. ನಮ್ಮದು ಒಣ ಬೇಸಾಯ, ಇಲ್ಲಿ ನೀರು ನಿಲ್ಲುವುದಿಲ್ಲ, ಮಣ್ಣಿಗೆ ಇಂಗುತ್ತದೆ. ಆದರೆ ಇಳಿಜಾರಿನಲ್ಲಿ ನೀರು, ಮಣ್ಣು ಹಿಡಿದಿಡುವ ಜಾಣತನ ಒಂದೇ ಅಲ್ವಾ?

ಹೋಗುವವರಿಗೆ ಒಂದು ಮಾತು: ಬೆಳಗ್ಗೆ ಬೇಗ ಹೊರಡಿ, ನೀರು ಜಾಸ್ತಿ ಒಯ್ಯಿರಿ. ನಮ್ಮದು ಅರ್ಧ ದಾರಿಗೇ ಮುಗಿದಿತ್ತು. ಆ ಹುಡುಗಿಯ ಅಪ್ಪ ಮುಂದಿನ ವಾರ ಕ್ಲಾಸಿಗೆ ಬರಲು ಒಪ್ಪಿದ್ದಾರೆ.